ಚೆಂಡು ಸತ್ತ ಮೇಲೆ

ಫಾಗುನ್ ೨, ಶನಿವಾರ

ಡಂಗುರ ಹೊಡೆಸಿ ಸಾರುವುದಕ್ಕೆ ಇನ್ನೇನೂ ಉಳಿದಿಲ್ಲ. ಇಡೀ ನೇಪಾಳ ಕಣ್ಣಾರೆ ನೋಡಿ ಮುಗಿಸಿದೆ. ಆದ್ದರಿಂದ ಇದು ನನಗೊಬ್ಬನಿಗೇ. ಕೋಣೆಯ ಚಿಲಕ ಹಾಕಿದ್ದೇನೆ. ಅಪ್ಪ ಬಿಟ್ಟುಹೋದ ಈ ಪೆನ್ನು ಸೋರುತ್ತದೆ, ನಾಲ್ಕು ಸಾಲು ಬರೆಯುವಷ್ಟರಲ್ಲಿ ಬೆರಳೆಲ್ಲ ನೀಲಿ. ಆಗಲಿ. ಮುಖಕ್ಕೇ ಮಸಿ ಬಳಿದುಕೊಂಡವನಿಗೆ ಬೆರಳಿನ ಚಿಂತೆ ಯಾಕೆ.

ದೃಶ್ಯ ಹೀಗಿತ್ತು. ಕೀರ್ತಿಪುರದ ಮೈದಾನ. ಹುಲ್ಲಿನ ದಿಬ್ಬವೇ ಕಾಣದಷ್ಟು ಜನ, ಮರದ ಕೊಂಬೆಗಳಲ್ಲಿ ಜನ, ಆಚೆ ಮನೆಗಳ ಮಾಳಿಗೆಯ ಮೇಲೆ ಜನ. ಎದುರಿಗೆ ನಮೀಬಿಯಾ. ಗೆಲ್ಲುವುದಕ್ಕೆ ಎರಡೇ ರನ್ನು, ಕೈಯಲ್ಲಿ ಒಂದೇ ವಿಕೆಟ್ಟು. ಒಂದು ತುದಿಯಲ್ಲಿ ನಮ್ಮ ಕೊನೆಯ ಆಟಗಾರ ಕಲೀಮ್ ಅನ್ಸಾರಿ, ಬೀರ್‌ಗಂಜಿನ ಬೌಲರ್, ಬ್ಯಾಟನ್ನು ಕೊಡಲಿಯ ಹಾಗೆ ಹಿಡಿಯುವವನು. ಇನ್ನೊಂದು ತುದಿಯಲ್ಲಿ ಅರ್ಧಶತಕ ದಾಟಿ ಎದೆ ಸೆಟೆಸಿ ನಿಂತ ನಾನು, ಧನಗಢಿಯ ಭಕ್ತ ಬಹಾದುರ್ ಸೌದ್. ಓವರಿನ ಕೊನೆಯ ಚೆಂಡು ಕಲೀಮನದು. ಅದೊಂದನ್ನು ತಡೆದುಬಿಟ್ಟರೆ ಮುಂದಿನ ಓವರು ನನ್ನದು, ಪಂದ್ಯ ನನ್ನದು, ಕಿರೀಟ ನನ್ನದು.

"ತಡಿ ಸಾಕು, ಹೊಡೀಬೇಡ," ಅಂದೆ.

"ನೀನಿರೋವಾಗ ನಾನ್ಯಾಕೆ ಹೊಡೀಲಿ ದಾಜು," ಅಂದ, ಅಣ್ಣನಿಗೆ ತಮ್ಮ ಅನ್ನುವ ಹಾಗೆ.

ಚೆಂಡೆಸೆದವನು ಬೆಸ್ಟರ್. ಅವರ ತಂಡಕ್ಕೆಲ್ಲ ಹಿರಿಯ, ಬೋಳುತಲೆಯ ಮನುಷ್ಯ. ಕಲೀಮ್ ನೇರವಾಗಿ ತಳ್ಳಿದ. ಬೆಸ್ಟರ್ ಅಡ್ಡ ಹಾರಿ ಅಂಗಾತ ಬಿದ್ದ. ಚೆಂಡು ಅವನ ಬೆರಳು ಸವರಿಕೊಂಡು ಮಿಡ್-ಆನ್ ಕಡೆಗೆ ಉರುಳಿತು. ರನ್ನಿಲ್ಲ. ನಾಲ್ಕು ಹೆಜ್ಜೆ ಮುಂದೆ ಬಂದಿದ್ದ ನಾನು ತಿರುಗಿ ಓಡಿದೆ. ಓಡುವಾಗ ನನ್ನ ಬಲಗಾಲು ನೆಲದ ಮೇಲಿದ್ದ ಆ ಬೋಳುತಲೆಗೆ ತಾಗಿತು. ಕ್ರೀಸು ಮುಟ್ಟಿದೆ. ಬ್ಯಾಟು ಒಳಗೆ, ಕಾಲು ಒಳಗೆ, ದೇಶವೇ ಒಳಗೆ. ಎಲ್ಲವೂ ಕ್ಷೇಮ.

ಅಲ್ಲಿಗೆ ಪರದೆ ಬೀಳಬೇಕಿತ್ತು. ಬೀಳಲಿಲ್ಲ. ಈ ದೇಹ, ಇಜಾ ಹೆತ್ತು ತಿದ್ದಿ ತೀಡಿ ಬೆಳೆಸಿದ ಈ ಮೂರ್ಖ ದೇಹ, ನನ್ನನ್ನು ಕೇಳದೆ ತಿರುಗಿತು. ಎರಡು ಹೆಜ್ಜೆ ಹೊರಗೆ ನಡೆಯಿತು. ಬಗ್ಗಿತು. ಆ ಮನುಷ್ಯನ ತಲೆ ಮುಟ್ಟಿ ಕೈಯನ್ನು ಹಣೆಗೆ ತಂದುಕೊಂಡು, "ಬಿಷ್ಣು, ಬಿಷ್ಣು," ಅಂದಿತು. ಹಿರಿಯರಿಗೆ ಕಾಲು ತಾಗಿದರೆ ಅನ್ನುವುದಿಲ್ಲವೇ, ಹಾಗೆ. ಮನೆಯ ಅಂಗಳದಲ್ಲಿ ಅನ್ನುವ ಹಾಗೆ.

"ದಾಜು, ಒಳಗೆ," ಅಂತ ಕಲೀಮ್ ಚೀರಿದ್ದು ಕೇಳಿಸಿತು. ಹಿಂದೆಯೇ, ಮಿಡ್-ಆನ್ ಕಡೆಯಿಂದ ಬಂದ ಚೆಂಡಿಗೆ ವಿಕೆಟ್ಟು ಮುರಿದ ಸದ್ದು. ಅದರ ಹಿಂದೆ ಸಾವಿರಾರು ಗಂಟಲು ಒಟ್ಟಿಗೆ ಮುಚ್ಚಿಕೊಂಡ ಸದ್ದು. ಅದಕ್ಕೂ ಸದ್ದಿದೆ ಅಂತ ನನಗೆ ಇವತ್ತು ಗೊತ್ತಾಯಿತು.

ತಪ್ಪು ಅವರದಲ್ಲ. ಚೆಂಡಿನ್ನೂ ಬದುಕಿತ್ತು, ಅವರ ಜಾಗದಲ್ಲಿ ನಾನಿದ್ದರೂ ಎಸೆಯುತ್ತಿದ್ದೆ. ಬೆಸ್ಟರ್ ನೆಲದಿಂದಲೇ ನನ್ನನ್ನು ನೋಡಿದ, ಈ ಹುಡುಗನಿಗೆ ಏನಾಯಿತು ಎಂಬಂತೆ. ಅದನ್ನೇ ನಾನೂ ಕೇಳುತ್ತಿದ್ದೇನೆ.

ಫಾಗುನ್ ೩, ಭಾನುವಾರ

ಯಾರೋ ನನ್ನ ವಿಡಿಯೊಗೆ ಭಜನೆ ಸೇರಿಸಿದ್ದಾರೆ. ನಾನು ಬಗ್ಗುತ್ತೇನೆ, ಗಂಟೆ ಬಾರಿಸುತ್ತದೆ. ಬಗ್ಗುತ್ತೇನೆ, ಗಂಟೆ ಬಾರಿಸುತ್ತದೆ. ಒಬ್ಬ ಬೆಸ್ಟರನ ಬೋಳುತಲೆಗೆ ವಿಭೂತಿ ಬಳಿದು ಹಾರ ಹಾಕಿದ್ದಾನೆ. ಚೆನ್ನಾಗಿಯೇ ಕಾಣುತ್ತಾನೆ.

ಇಜಾ ಫೋನ್ ಮಾಡಿದ್ದಳು.

"ಕಾಂಛಾ, ಆ ಮನುಷ್ಯನ ತಲೆಗೆ ಪೆಟ್ಟಾಯ್ತೇನೋ?"

"ಇಜಾ, ನಾವು ಸೋತ್ವಿ."

"ಅದು ಗೊತ್ತು. ಬಜಾರಲ್ಲಿ ಎಲ್ಲರೂ ಹೇಳಿದ್ರು. ತಲೆಗೆ ಪೆಟ್ಟಾಯ್ತಾ ಅಂತ ಕೇಳ್ದೆ."

ಈ ಸರಣಿಯ ಕೊನೆಯ ಪಂದ್ಯ ಮತ್ತೆ ಇದೇ ನಮೀಬಿಯಾ ಎದುರು. ಅದನ್ನೂ ಸೋತರೆ ನೇಪಾಳ ಕೆಳಗಿನ ದರ್ಜೆಗೆ ಬೀಳುತ್ತದೆ, ಎಷ್ಟೋ ವರ್ಷ ಮೇಲೆ ಏಳುವುದಿಲ್ಲ. ಬಿದ್ದರೆ ಬೀಳಿಸಿದವನು ನಾನು. ಇವಳಿಗೆ ಬೋಳುತಲೆಯ ಚಿಂತೆ.

"ಎಲ್ಲ ನಿನ್ನಿಂದಲೇ ಆಗಿದ್ದು," ಅಂದೆ. "ಕಾಲು ತಾಗಿದ್ರೆ ಬಿಷ್ಣು, ಪುಸ್ತಕ ಮುಟ್ಟಿದ್ರೆ ಬಿಷ್ಣು, ಪೊರಕೆ ತಾಗಿದ್ರೂ ಬಿಷ್ಣು. ಮನುಷ್ಯನ್ನ ಬೆಳೆಸಿದ್ಯೋ, ಗಿಳೀನ ಸಾಕಿದ್ಯೋ?"

ಉತ್ತರಕ್ಕೂ ಕಾಯದೆ ನಾನೇ ಫೋನ್ ಇಟ್ಟೆ.

ಈಗ ತಾನೇ ಮಂಚದಿಂದ ಇಳಿಯುವಾಗ ನೆಲದ ಮೇಲಿದ್ದ ಈ ದಿನಚರಿ ಪುಸ್ತಕಕ್ಕೆ ಕಾಲು ತಾಗಿತು. ನೋಡಿ, ಹಾಳು ಕೈ ಮತ್ತೆ ಹಣೆಗೆ ಹೋಯಿತು. ಹಣೆಯ ನಡುವೆ ನೀಲಿ ಬೊಟ್ಟು. ಕನ್ನಡಿಯ ಮುಂದೆ ನಿಂತು ಚರ್ಮ ಉರಿಯುವ ತನಕ ತಿಕ್ಕಿ ತೊಳೆದೆ. ಎಲೈ ಬಲಗೈಯೇ, ನೀನು ನನ್ನ ಸೇವಕನೋ, ಶತ್ರುಪಾಳೆಯದ ಗೂಢಚಾರನೋ.

ಫಾಗುನ್ ೫, ಮಂಗಳವಾರ

ಟೋಪಿ ಕಿವಿಯ ತನಕ ಎಳೆದುಕೊಂಡು ನಯಾಬಜಾರಿನ ಚಹಾದಂಗಡಿಗೆ ಹೋದೆ. ಅಂಗಡಿಯ ಸಾಹುನಿ ಒಳ್ಳೆಯವಳು, ಮುಖ ನೋಡಿದರೂ ನೋಡದವಳಂತೆ ಗ್ಲಾಸು ಇಟ್ಟಳು. ಪಕ್ಕದ ಬೆಂಚಿನಲ್ಲಿ ಕಾಲೇಜಿನ ಮೂವರು. ಒಬ್ಬ ಕಾಲು ಚಾಚಿ, ಬೇಕೆಂದೇ ತನ್ನ ಚಪ್ಪಲಿಯನ್ನು ನನ್ನ ಬೂಟಿಗೆ ತಾಗಿಸಿದ.

"ಬಿಷ್ಣು, ಬಿಷ್ಣು, ಭಕ್ತ ಜ್ಯೂ," ಅಂದ, ಹಣೆ ಮುಟ್ಟಿಕೊಂಡು. "ಈಗ ನಾನು ಔಟಾ?"

"ಇಲ್ಲ ಕಣೋ, ಸಾಹುನಿ ಕೆಟಲ್ ಎಸೆದ್ರೆ ಔಟು," ಅಂದ ಇನ್ನೊಬ್ಬ.

"ಇವರ ಹೆಸರೇ ಭಕ್ತ. ದೇವಸ್ಥಾನಕ್ಕೆ ಕಳ್ಸೋ ಬದಲು ಮೈದಾನಕ್ಕೆ ಕಳ್ಸಿದಾರೆ."

"ಏಳ್ರೋ, ಚಹಾ ಮುಗೀತಲ್ಲ," ಅಂದಳು ಸಾಹುನಿ. ಅವರು ನಗುತ್ತ ಎದ್ದರು. ನನ್ನದು ಮುಗಿಯದೆಯೇ ನಾನೂ ಎದ್ದೆ.

ಸಂಜೆ ಶಿಬಿರದಲ್ಲಿ ನಾಯಕ ಶಿಶಿರ್ ದಾಜು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಅವನು ಗದರುವವನಲ್ಲ, ಗದರಿದ್ದರೆ ಚೆನ್ನಾಗಿತ್ತು.

"ಭಕ್ತ, ನಿನ್ನನ್ನ ತೆಗೀಬೇಕು ಅಂತಿದಾರೆ. ನಾನು ಬೇಡ ಅಂದಿದೀನಿ."

"ತೆಗೀಲಿ ದಾಜು."

"ತೆಗೆದ್ರೆ ಆಡೋರು ಯಾರು, ನಿಮ್ಮಜ್ಜಿನಾ? ಕೇಳು. ನಂಗೂ ತಾಯಿ ಇದಾಳೆ, ನಾನೂ ಬಿಷ್ಣು ಅನ್ನೋನೇ. ಚೆಂಡು ಸತ್ತ ಮೇಲೆ ಬೇಕಾದ್ರೆ ಅವನ ಪಾದ ತೊಳ್ದು ನೀರು ಕುಡಿ, ಯಾರು ಬೇಡ ಅಂತಾರೆ. ಬದುಕಿರೋವಾಗ ಕ್ರೀಸು ಬಿಡ್ಬೇಡ. ಇಷ್ಟೇ."

"ಕೈ ತಾನಾಗೇ ಹೋಗುತ್ತೆ ದಾಜು."

"ಕೋಚ್ ಅದಕ್ಕೊಂದು ಮದ್ದು ಹುಡುಕಿದಾನೆ," ಅಂದ. ಅವನ ಮುಖದಲ್ಲಿ ನಗು ತಡೆದ ಗೆರೆ ಇತ್ತು.

ಫಾಗುನ್ ೬, ಬುಧವಾರ

ಮದ್ದು ಏನೆಂದರೆ, ಕಲೀಮ್ ಅನ್ಸಾರಿ ಪಿಚ್ಚಿನ ಮೇಲೆ ಹೆಣದ ಹಾಗೆ ಮಲಗುವುದು. ನಾನು ಓಡಿಬಂದು ಅವನಿಗೆ ಕಾಲು ತಾಗಿಸುವುದು. ಬ್ಯಾಟನ್ನು ಕ್ರೀಸಿನೊಳಗೆ ಊರಿ ಚೆಂಡನ್ನೇ ನೋಡುತ್ತ ನಿಲ್ಲುವುದು. ಆಸ್ಟ್ರೇಲಿಯಾದ ನಮ್ಮ ಕೋಚಿಗೆ ಇದರಲ್ಲಿ ತಮಾಷೆ ಏನೂ ಕಾಣಲಿಲ್ಲ. ಕ್ಯಾಚಿಗೆ ಅಭ್ಯಾಸ ಉಂಟು, ಥ್ರೋಗೆ ಉಂಟು, ಇದಕ್ಕೂ ಉಂಟು.

"ಕಾಲು ತಾಗ್ಲಿ. ಬ್ಯಾಟು ಒಳಗೆ. ಕಣ್ಣು ಚೆಂಡಿನ ಮೇಲೆ," ಅಂತ ಮಂತ್ರ ಹೇಳಿದ.

"ದಾಜು, ಎದೆಗೆ ಒದಿ, ಹೊಟ್ಟೆಗೆ ಒದಿ, ಮುಖ ಮಾತ್ರ ಬಿಡು," ಅಂದ ಕಲೀಮ್ ನೆಲದಿಂದ. "ಹುಡುಗಿ ಮನೆಯೋರು ಮುಂದಿನ ತಿಂಗಳು ನೋಡೋಕೆ ಬರ್ತಾರೆ."

ಮೊದಲ ಸಲ ಕಾಲು ತಾಗುವ ಮೊದಲೇ ಕೈ ಹಣೆಯಲ್ಲಿತ್ತು. ತಂಡವೆಲ್ಲ ಬೇಲಿ ಹಿಡಿದುಕೊಂಡು ನಕ್ಕಿತು. ಎರಡನೆಯದಕ್ಕೂ ಹಾಗೇ. ಶಿಶಿರ್ ದಾಜು ನನ್ನ ಎಡಗೈಯಿಂದ ಬಲಗೈ ಹಿಡಿಸಿ ಬ್ಯಾಟಿಗೆ ಜೋಡಿಸಿದ. ಆಗ ಕೈ ಏಳಲಿಲ್ಲ, ಬಾಯಿ ಎದ್ದಿತು.

"ಬಿಷ್ಣು."

"ಅದೂ ಬೇಡ," ಅಂದ ಕೋಚ್.

ಮಧ್ಯಾಹ್ನದ ಹೊತ್ತಿಗೆ "ಬಿಷ್" ಅನ್ನುವಲ್ಲಿಗೆ ತಂದು ನಿಲ್ಲಿಸಿದೆ. ಅರ್ಧ ದೇವರು. ಸಂಜೆಗೆ ಅದೂ ಗಂಟಲಲ್ಲೇ ಉಳಿಯಿತು.

ಇದರಲ್ಲಿ ನಾಚಿಕೆ ಪಡುವುದೇನು ಅಂತ ಈಗ ಅನ್ನಿಸುತ್ತಿದೆ. ನಾನು ಯಾರ ಮಗ. ಧನಗಢಿಯ ರಾಮಲೀಲೆಯಲ್ಲಿ ವರ್ಷಾ ವರ್ಷಾ ರಾವಣನಾಗಿ ರಂಗ ನಡುಗಿಸಿದವನ ಮಗ. ತುಂಬಿದ ಸಭೆಯಲ್ಲಿ ಅಪ್ಪ ತಮ್ಮ ವಿಭೀಷಣನ ಎದೆಗೆ ಒದೆಯುತ್ತಿದ್ದ. ಎಂಥ ಒದೆ. ಮುಂದಿನ ಸಾಲಿನ ಹೆಂಗಸರು ಸೆರಗು ಕಚ್ಚುತ್ತಿದ್ದರು, ವಿಭೀಷಣ ಉರುಳಿಕೊಂಡು ಹೋಗಿ ಪರದೆಗೆ ಬಡಿಯುತ್ತಿದ್ದ. ಆಗ ಆ ರಾವಣನ ಕೈ ಹಣೆಗೆ ಹೋಗುತ್ತಿತ್ತೇ. ಇಲ್ಲ. ಮೀಸೆಗೆ ಹೋಗುತ್ತಿತ್ತು.

ಫಾಗುನ್ ೮, ಶುಕ್ರವಾರ

ಇವತ್ತು ಒಂದು ಸಲವೂ ಏಳಲಿಲ್ಲ, ಕೈಯೂ ಇಲ್ಲ, ಬಾಯಿಯೂ ಇಲ್ಲ. ಕೋಚ್ ಬೆನ್ನು ತಟ್ಟಿದ. ಕಲೀಮ್ ಎದ್ದು ಮಣ್ಣು ಕೊಡವಿಕೊಂಡು, "ಈಗ ನಿಜವಾಗ್ಲೂ ನೋಯ್ತಿದೆ ದಾಜು," ಅಂದ. ಅವನು ಯಾವಾಗಲೂ ಹೀಗೇ ತಮಾಷೆ.

ಫಾಗುನ್ ೯, ಶನಿವಾರ

ಶಿಬಿರಕ್ಕೆ ರಜೆ. ಕೋಣೆಗೆ ಬಂದು ನೋಡಿದರೆ ಬಾಗಿಲಲ್ಲಿ ಇಜಾ, ಚೀಲದ ಮೇಲೆ ಕೂತಿದ್ದಾಳೆ. ಹೇಳದೆ ಕೇಳದೆ ಧನಗಢಿಯಿಂದ ಬಸ್ಸು ಹತ್ತಿದ್ದಾಳೆ.

"ಫೋನ್ ಮಾಡಿದ್ರೆ ಗಿಳಿ ಅಂತೀಯ. ಅದಕ್ಕೆ ಹಾರಿ ಬಂದೆ," ಅಂದಳು.

ಚೀಲದೊಳಗಿಂದ ಹುರುಳಿ ಬಂತು, ಹುರಿದ ಕಪ್ಪು ಸೋಯಾ ಬಂತು, ತುಪ್ಪದ ಡಬ್ಬಿ ಬಂತು, ಯಾಕೋ ಏನೋ ಒಂದು ಸೋರೆಕಾಯಿಯೂ ಬಂತು. ಕಾಠಮಾಂಡುವಿನಲ್ಲಿ ಸೋರೆಕಾಯಿ ಸಿಗುವುದಿಲ್ಲ ಅಂತ ಯಾರೋ ಹೇಳಿದ್ದಾರಂತೆ. ಕೆಳಗಿನ ಮನೆಯೊಡತಿ ಮಹರ್ಜನ್ ಅಮ್ಮನ ಜೊತೆ ಅರ್ಧ ಗಂಟೆಯಲ್ಲಿ ಗೆಳೆತನ. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಧಂಬರ್ಧ; ಆದರೂ ನನ್ನ ಬಗ್ಗೆ ದೂರು ಹೇಳುವಷ್ಟು ಬರುತ್ತದೆ.

ಊಟವಾದ ಮೇಲೆ ಇಜಾ ನೆಲದ ಮೇಲೆ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಶಿಶಿರ್ ದಾಜುವಿನ ಫೋನ್ ಬಂತು: ಕೊನೆಯ ಪಂದ್ಯಕ್ಕೆ ನನ್ನ ಹೆಸರು ಇನ್ನೂ ತೂಗುತ್ತಿದೆ, ಬುಧವಾರದ ಅಭ್ಯಾಸ ನೋಡಿ ನಿರ್ಧಾರ. ಮಾತಾಡುತ್ತ ಕಿಟಕಿಗೆ ಹೋಗುವಾಗ ಇಜಾಳ ಮೊಣಕಾಲಿಗೆ ಕಾಲು ಬಡಿದು ಮೊರ ಮಗುಚಿತು. ಹುರುಳಿಯೆಲ್ಲ ಮಂಚದ ಕೆಳಗೆ. ಫೋನ್ ಮುಗಿಸಿ ಕೂತು ಪೂರಾ ಆರಿಸಿಕೊಟ್ಟೆ.

ಆಮೇಲೆ ಇಜಾ ಹೆಚ್ಚು ಮಾತಾಡಲಿಲ್ಲ. ಬಸ್ಸಿನ ದಣಿವಿರಬೇಕು.

ಫಾಗುನ್ ೧೪, ಗುರುವಾರ

ಹೆಸರಿದೆ. ಆಡುತ್ತೇನೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಸ್ಸು ಶಿಬಿರದ ಗೇಟು ದಾಟುವಾಗ ಹೊರಗೆ ನಿಂತ ಹುಡುಗರು ಸಾಲಾಗಿ ಬಗ್ಗಿ ಹಣೆ ಮುಟ್ಟಿಕೊಂಡರು. ಪರದೆ ಎಳೆದುಕೊಂಡೆ. ಕಲೀಮ್ ಅದನ್ನು ಸರಿಸಿ, ಅವರಿಗೆಲ್ಲ ಕೈಯೆತ್ತಿ ಆಶೀರ್ವಾದ ಮಾಡಿದ.

ಫಾಗುನ್ ೧೬, ಶನಿವಾರ

ಗೆದ್ದೆವು. ಗೆದ್ದೆವು. ಗೆದ್ದೆವು.

ಮೈಯೆಲ್ಲ ಅಬೀರ್, ಕಿವಿಯೊಳಗೂ ಅಬೀರ್. ಈ ಹಾಳೆಯ ಮೇಲೂ ಕೆಂಪು ಉದುರುತ್ತಿದೆ. ಹಾರದ ಸೇವಂತಿಗೆ ಕೋಣೆಯ ತುಂಬ. ಏನು ಬರೆಯಲಿ, ಎಲ್ಲಿಂದ ಎತ್ತಿಕೊಳ್ಳಲಿ.

ಕೊನೆಯ ಅಂಕದಿಂದಲೇ ಎತ್ತಿಕೊಳ್ಳುತ್ತೇನೆ. ಮತ್ತೆ ಎರಡು ರನ್ನು. ಆ ಎರಡು ರನ್ನು ನನ್ನ ಹಣೆಯಲ್ಲೇ ಬರೆದಿರಬೇಕು. ಈ ಸಲ ಇದ್ದದ್ದು ಕೊನೆಯ ಚೆಂಡು, ಆಡುವವನು ನಾನು, ಆ ತುದಿಯಲ್ಲಿ ಶಿಶಿರ್ ದಾಜು. ಕವರ್ ಕಡೆಗೆ ಹೊಡೆದು ಓಡಿದೆ. ಒಂದನೆಯದಕ್ಕೇ ಥ್ರೋ ಬಂತು. ಬೌಲರಿನ ತುದಿಯಲ್ಲಿ ವಿಕೆಟ್ಟಿನ ಬಳಿ ಚೆಂಡಿಗೆ ಕೈಯೊಡ್ಡಿ ನಿಂತವನು ಯಾರು, ಅದೇ ಬೆಸ್ಟರ್. ನಾನು ಬ್ಯಾಟು ಚಾಚಿ ನೆಲಕ್ಕೆ ಹಾರಿದೆ. ಥ್ರೋ ವಾರೆಯಾಗಿತ್ತು, ಅದಕ್ಕಾಗಿ ಹೊರಳಿದ ಬೆಸ್ಟರ್ ನನ್ನ ಮೇಲೆ ಎಡವಿ ಉರುಳಿದ. ನನ್ನ ಬೂಟು ಅವನ ಬಾಯಿಗೆ ಬಡಿಯಿತು. ಬಡಿದದ್ದು ನನಗೆ ಗೊತ್ತಾಯಿತು, ಹಲ್ಲಿನ ಗಡುಸು ಅಂಗಾಲಿಗೆ ಗೊತ್ತಾಯಿತು.

ಕಾಲು ತಾಗಲಿ. ಬ್ಯಾಟು ಒಳಗೆ. ಕಣ್ಣು ಚೆಂಡಿನ ಮೇಲೆ.

ಚೆಂಡು ಅವನನ್ನು ದಾಟಿ ಹುಲ್ಲಿನ ಮೇಲೆ ಓಡುತ್ತಿತ್ತು. "ಇನ್ನೊಂದು," ಅಂತ ಶಿಶಿರ್ ದಾಜು ಆ ತುದಿಯಿಂದ ಗರ್ಜಿಸಿದ. ನಾನೆದ್ದೆ. ನನ್ನ ಮುಂದೆ ಬೆಸ್ಟರ್ ಅಡ್ಡ ಮಲಗಿದ್ದ, ಬಾಯಿಗೆ ಕೈ ಹಿಡಿದುಕೊಂಡು. ಸುತ್ತಿ ಹೋಗಲು ಹೊತ್ತಿಲ್ಲ. ಸಮುದ್ರ ಹಾರಿದ ಹಾಗೆ ಅವನನ್ನು ದಾಟಿದೆ. ಓಡಿದೆ. ಆ ತುದಿಯ ಗೆರೆಯನ್ನು ಬ್ಯಾಟು ಮುಟ್ಟಿದಾಗ ದಿಬ್ಬವೇ ಕುಸಿದು ಬಂದಂತೆ ಜನ ಬಂದರು.

ಹೆಗಲ ಮೇಲೆ ಹೊತ್ತರು. ಒಬ್ಬ ನನ್ನ ಬೂಟಿಗೆ ಹಣೆ ಹಚ್ಚಿ, "ಕ್ಷಮಿಸು ಭಕ್ತ ದಾಜು, ನಾನೂ ಆ ವಿಡಿಯೊ ಮಾಡಿದ್ದೆ," ಅಂದ. ಎತ್ತರದಿಂದ ಮೈದಾನವೆಲ್ಲ ಕಾಣುತ್ತಿತ್ತು. ದೂರದಲ್ಲಿ ಬೆಸ್ಟರ್ ಒಬ್ಬನೇ ನಿಂತು, ಬಾಯಿ ಒರೆಸಿಕೊಂಡು, ಅಂಗಿಯ ತೋಳನ್ನು ನೋಡಿಕೊಳ್ಳುತ್ತಿದ್ದ. ನಾನು ಬ್ಯಾಟನ್ನು ಇನ್ನೂ ಮೇಲಕ್ಕೆತ್ತಿದೆ.

ಇಜಾ ಮಹರ್ಜನ್ ಅಮ್ಮನ ಜೊತೆ ದಿಬ್ಬದ ಮೇಲೆ ಕೂತು ನೋಡಿದಳಂತೆ. ಕೋಣೆಗೆ ಬಂದಾಗ ಅನ್ನ ಬಡಿಸಿದಳು, ತುಪ್ಪ ಹಾಕಿದಳು, ತಲೆ ಸವರಿದಳು. ಅಷ್ಟೇ. ಖುಷಿಯಲ್ಲಿ ಮಾತು ಹೊರಡದ ಜನ ಇರುತ್ತಾರೆ.

ಫಾಗುನ್ ೧೭, ಭಾನುವಾರ

ಬರೆಯಬಾರದು ಅಂದುಕೊಂಡೆ. ಬರೆಯುತ್ತಿದ್ದೇನೆ.

ಬೆಳಿಗ್ಗೆ ಇಜಾ ಚಹಾ ಕೈಗಿಟ್ಟು ಎದುರಿಗೆ ಕೂತಳು.

"ಅವನ ಬಾಯಲ್ಲಿ ರಕ್ತ ಬಂದಿತ್ತು. ಏನಂದ?"

"ಯಾರು?"

"ನೀನು ದಾಟ್ಕೊಂಡು ಹೋದ್ಯಲ್ಲ, ಅವನು."

"ಇಜಾ, ದಾಟದೆ ಇದ್ದಿದ್ರೆ ಸೋಲ್ತಿದ್ವಿ."

"ದಾಟಿದ್ದು ಸರಿ ಕಣೋ. ದಾಟಲೇಬೇಕಿತ್ತು. ಓಡೋ ಓಡೋ ಅಂತ ನಾನೂ ಕೂಗ್ದೆ, ಮಹರ್ಜನ್ ಅಮ್ಮ ಕಿವಿ ಮುಚ್ಕೊಂಡ್ರು. ಅದಲ್ಲ ನಾನು ಕೇಳಿದ್ದು. ಆಟ ಮುಗೀತಲ್ಲ. ಆಮೇಲೆ?"

ಆಮೇಲೆ. ಆಮೇಲೆ ಹಾರ ಇತ್ತು, ಅಬೀರ್ ಇತ್ತು, ಹೆಗಲು ಇತ್ತು. ಚೆಂಡು ಸತ್ತಿತ್ತು. ಯಾರೂ ಯಾರನ್ನೂ ಔಟ್ ಮಾಡಲಾಗದ ಹೊತ್ತು. ಎರಡು ತಂಡದವರೂ ಸಾಲಾಗಿ ಬಂದು ಕೈ ಕುಲುಕಿದಾಗ ಬೆಸ್ಟರನ ಕೈಯನ್ನೂ ಕುಲುಕಿದ್ದೇನೆ. ಊದಿದ ತುಟಿ ನೋಡಿದ್ದೇನೆ. "ಚೆನ್ನಾಗಿ ಆಡಿದೆ," ಅಂತ ಅವನು ಹೇಳಿದ್ದಾನೆ, "ಥ್ಯಾಂಕ್ಯೂ," ಅಂತ ನಾನು ಹೇಳಿದ್ದೇನೆ. ಅಷ್ಟೇ ಹೇಳಿದ್ದೇನೆ. ಕೈ ಹೋಗಲಿಲ್ಲ. ತಡೆಹಿಡಿದೆ ಅಂತಲ್ಲ. ನೆನಪೇ ಆಗಲಿಲ್ಲ.

"ನಿಮ್ಮಪ್ಪ ವಿಭೀಷಣನಿಗೆ ಒದೀತಿದ್ರಲ್ಲ," ಅಂದಳು ಇಜಾ. "ಒದೀದಿದ್ರೆ ಜನ ಬಿಡ್ತಿದ್ರಾ? ಗಟ್ಟಿಯಾಗೇ ಒದೀತಿದ್ರು. ಪರದೆ ಬಿದ್ದ ಮೇಲೆ ಏನು ಮಾಡ್ತಿದ್ರು? ನೀನು ಅಲ್ಲೇ ಗೋಣಿ ಮೇಲೆ ಮಲಗಿರ್ತಿದ್ದೆ."

ನೆನಪಾಯಿತು. ಪರದೆಯ ಹಿಂದೆ, ಪೆಟ್ರೊಮ್ಯಾಕ್ಸ್ ಬೆಳಕಿನಲ್ಲಿ, ಹತ್ತು ತಲೆ ಹೊತ್ತುಕೊಂಡೇ ಅಪ್ಪ ಬಗ್ಗುತ್ತಿದ್ದ. ವಿಭೀಷಣನಾಗುತ್ತಿದ್ದವನು ನಮ್ಮ ಟಪಾಲಿನ ಪದಮ್. ಅವನು ಎರಡೂ ಕೈಯಿಂದ ರಾವಣನ ತಲೆಗಳನ್ನು ಆನಿಸಿ ಹಿಡಿದು, "ಸಾಕು ದಾಜು, ಬಿದ್ದಾವು, ಸಾಕು," ಅನ್ನುತ್ತಿದ್ದ. ಅಪ್ಪ ಬಿಡುತ್ತಿರಲಿಲ್ಲ. ಅವನ ಎದೆ ಮುಟ್ಟಿ, ಹತ್ತರಲ್ಲಿ ನಿಜವಾದ ಹಣೆ ಯಾವುದೋ ಹುಡುಕಿ, ಅದಕ್ಕೆ ಕೈ ಹಚ್ಚಿ, "ಬಿಷ್ಣು, ಬಿಷ್ಣು," ಅನ್ನುತ್ತಿದ್ದ. ಲಂಕೆ ನಡುಗಿಸಿದ ಅದೇ ಗಂಟಲು, ಪಿಸುಗುಟ್ಟಿಕೊಂಡು.

ಅರ್ಧ ನಾಟಕ ನೆನಪಿಟ್ಟುಕೊಂಡು ನಾನು ರಾವಣನ ಮಗ ಅಂತ ಮೆರೆದೆ.

"ನಂಗೆ ತಾಗಿದ್ದು ಬಿಡು, ನಾನು ಹೆತ್ತೋಳು," ಅಂದಳು ಇಜಾ, ಲೋಟ ತೆಗೆದುಕೊಂಡು ಏಳುತ್ತ.

"ನಿಂಗೆ ಯಾವಾಗ ತಾಗ್ತು?"

ಅವಳು ಹೇಳಲಿಲ್ಲ. ಈ ಪುಸ್ತಕವೇ ಹೇಳಿತು. ಹಿಂದಿನ ಹಾಳೆ ತಿರುವಿ ಓದಿದೆ. ನನ್ನದೇ ಅಕ್ಷರ: ಪೂರಾ ಆರಿಸಿಕೊಟ್ಟೆ. ಹುರುಳಿಯನ್ನು. ಒಂದೊಂದು ಕಾಳನ್ನೂ.

ಮುಖ ತೊಳೆದುಕೊಳ್ಳದೆಯೇ ಹೊರಟೆ. ಟ್ಯಾಕ್ಸಿಯವನು, "ಭಕ್ತ ಜ್ಯೂ, ದುಡ್ಡು ಬೇಡ," ಅಂತ ಉದ್ದಕ್ಕೂ ಹೊಗಳಿದ. ಒಂದೊಂದು ಮಾತೂ ಬೂಟಿನ ಹಾಗೆ ಬಡಿಯಿತು. ಹೋಟೆಲಿನ ಮುಂದೆ ನಮೀಬಿಯಾದವರ ಬಸ್ಸು ನಿಂತಿತ್ತು. ಬೆಸ್ಟರ್ ಚೀಲದ ಮೇಲೆ ಕಾಲು ನೀವಿಕೊಂಡು ಕೂತಿದ್ದ. ತುಟಿ ಸೀಳಿ ಎರಡು ಹೊಲಿಗೆ ಬಿದ್ದಿದ್ದವು.

ನನ್ನ ಇಂಗ್ಲಿಷಿನಲ್ಲಿ ತಡವರಿಸಿದೆ. ನಿನ್ನೆ ನನ್ನ ಕಾಲು, ನಿನ್ನ ಬಾಯಿ, ಅಂತ ಏನೇನೋ.

"ಮೊದಲ ಪಂದ್ಯದಲ್ಲಿ ನೀನು ಮಾಡಿದ್ದು ಏನು ಅಂತ ಈ ಹೋಟೆಲಿನ ಅಡುಗೆಯೋರನ್ನ ಕೇಳಿದ್ದೆ," ಅಂದ ಅವನು, ತುಟಿ ಅಲುಗದ ಹಾಗೆ. "ಹೇಳಿಕೊಟ್ರು. ನಿನ್ನೆನೂ ಬಗ್ಗೇ ಬಗ್ತೀಯ, ಚೆಂಡು ಬಿಡಬೇಡಿ ಅಂತ ನಮ್ಮೋರಿಗೆ ಹೇಳಿಟ್ಟಿದ್ದೆ. ನೀನು ಬಗ್ಲಿಲ್ಲ. ಚೆನ್ನಾಗಿ ಕಲ್ತಿದೀಯ."

ಕಪಟವಿಲ್ಲದೆ ಹೇಳಿದ. ಅದಕ್ಕೇ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಬಗ್ಗಿದೆ. ಅವನ ಭುಜ ಮುಟ್ಟಿದೆ. ಕೈ ಹಣೆಗೆ ಬರಲಿ ಅಂತ ಕಾದೆ. ಬರಲಿಲ್ಲ. ನಾನೇ ಎತ್ತಿ ತಂದೆ. ಮಾತು ಮರೆತ ನಟ ಪರದೆಯ ಸಂದಿಯಿಂದ ಹೇಳಿಸಿಕೊಂಡು ಹೇಳುವ ಹಾಗೆ, "ಬಿಷ್ಣು, ಬಿಷ್ಣು," ಅಂದೆ. ಹುಟ್ಟಿದಾಗಿನಿಂದ ಮಾಡಿದ್ದನ್ನು ಮೊದಲ ಬಾರಿಗೆ ಅಭಿನಯಿಸಿದೆ. ಕೆಟ್ಟದಾಗಿ ಅಭಿನಯಿಸಿದೆ.

ಬೆಸ್ಟರ್ ಅತ್ತ ಇತ್ತ ನೋಡಿದ.

"ಯಾರೂ ಚೆಂಡೆಸೀಲಿಲ್ಲ," ಅಂದ. "ನಾಟೌಟ್."

ನಗಲು ಹೋಗಿ ಹೊಲಿಗೆ ಎಳೆದು, ಮುಖ ಕಿವುಚಿಕೊಂಡು ಬಸ್ಸು ಹತ್ತಿದ. ಬಸ್ಸು ತಿರುಗಿ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ನಾಟೌಟ್. ಆ ಮಾತಿಗೆ ಅರ್ಹನಾದವನು ಮೊದಲ ಪಂದ್ಯದಲ್ಲಿ ಔಟಾಗಿ ಹೋದ.

ಫಾಗುನ್ ೧೮, ಸೋಮವಾರ

ಇಜಾ ಇವತ್ತು ಸಂಜೆಯ ಬಸ್ಸಿಗೆ ಹೊರಡುತ್ತಾಳೆ. ಸೋರೆಕಾಯಿ ಇನ್ನೂ ಮೂಲೆಯಲ್ಲಿದೆ. ಇಲ್ಲಿ ಬೀದಿ ತುಂಬ ಅದೇ ಮಾರುತ್ತಾರೆ ಅಂತ ನೋಡಿದ ಮೇಲೆ ಅದಕ್ಕೆ ಬೆಲೆ ಇಲ್ಲ. ಪತ್ರಿಕೆಯವರು ಕೆಳಗೆ ಬಂದು ಕೂತಿದ್ದಾರಂತೆ. ಜ್ವರ ಅಂತ ಹೇಳಿ ಕಳಿಸಿ ಅಂತ ಮಹರ್ಜನ್ ಅಮ್ಮನಿಗೆ ಹೇಳಿದ್ದೇನೆ. ಅವರು ಬರೆಯುವ ವೀರ ಯಾರೋ, ನಾನವನನ್ನು ನೋಡಿಲ್ಲ. ಕಲೀಮ್ ಫೋನ್ ಮಾಡಿದ್ದ. ಅವತ್ತು ನಿಜವಾಗಿ ನೋಯುತ್ತಿತ್ತೇನೋ ಅಂತ ಕೇಳಿದೆ. "ಸ್ವಲ್ಪ," ಅಂದ. ಆಮೇಲೆ, "ಮುಖ ಬಿಟ್ಯಲ್ಲ ದಾಜು, ಅಷ್ಟು ಸಾಕು," ಅಂದ.

ಬರೆಯುತ್ತ ತೂಕಡಿಕೆ ಬಂದಿರಬೇಕು. ಪುಸ್ತಕ ತೊಡೆಯಿಂದ ಜಾರಿ ಕಾಲಿನ ಮೇಲೆ ಬಿತ್ತು. ಎತ್ತಿಕೊಂಡು ಕೂತಿದ್ದೇನೆ, ಎಲ್ಲಿಗೆ ನಿಲ್ಲಿಸಿದ್ದೆನೋ ಮರೆತಿದೆ.

ಇಜಾ ಒಳಗೆ ಬಂದವಳು ಚೀಲ ಕಟ್ಟುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಾಳೆ.

"ಹಣೆ ಮೇಲೆ ಏನೋ ಅದು, ಮಸಿ?"

ಈ ಪೆನ್ನು ಎಲ್ಲೆಲ್ಲಿ ಸೋರುತ್ತದೋ. ಒರೆಸಿಕೊಳ್ಳಲು ಹೋದೆ.

"ಇರ್ಲಿ ಬಿಡು," ಅಂದಳು. ಯಾಕೆ ನಗುತ್ತಿದ್ದಾಳೋ.